ಎಂ. ಕೆ. ವೈನು ಬಾಪ್ಪು

ಮನಾಲಿ ಕಲ್ಲಟ್ ವೈನು ಬಾಪ್ಪು (ಆಗಸ್ಟ್ 10, 1927 – ಆಗಸ್ಟ್ 19, 1982) ಭಾರತದ ಪ್ರಮುಖ ಖಗೋಳ ವಿಜ್ಞಾನಿಗಳಲ್ಲಿ ಒಬ್ಬರು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸ್ಥಾಪಕ ನಿರ್ದೇಶಕರು. ಅಮೆರಿಕದ ಖಗೋಳ ವಿಜ್ಞಾನಿ ಓಲಿನ್ ವಿಲ್ಸನ್ ಅವರೊಡನೆ 1957ರಲ್ಲಿ ಪ್ರಕಟಿಸಿದ ವಿಲ್ಸನ್–ಬಾಪ್ಪು ಪರಿಣಾಮದಿಂದ ಅವರ ಹೆಸರು ಖಗೋಳ ವಿಜ್ಞಾನದ ಪಠ್ಯಗಳಲ್ಲಿ ಸೇರಿದೆ. ಹಳದಿ, ಕಿತ್ತಳೆ ಹಾಗೂ ಕೆಂಪು ಬಣ್ಣದ ತಾರೆಗಳ ನಿಜವಾದ ಪ್ರಕಾಶವನ್ನು, ಅದರ ಮೂಲಕ ಅವುಗಳ ದೂರವನ್ನು, ಬೆಳಕಿನ ಒಂದೇ ಒಂದು ರೋಹಿತ ರೇಖೆಯ ಅಗಲದಿಂದ ಅಂದಾಜು ಮಾಡಬಹುದೆಂದು ಈ ಪರಿಣಾಮ ತೋರಿಸುತ್ತದೆ. ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯವನ್ನು ಸ್ಥಾಪಿಸಿದವರೂ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದ ಮೊದಲ ಭಾರತೀಯರೂ ಇವರೇ.

ಜನನ ಮತ್ತು ಬಾಲ್ಯ

ವೈನು ಬಾಪ್ಪು ಅವರು ಮದರಾಸಿನಲ್ಲಿ ಜನಿಸಿದರು. ಅವರ ಮನೆತನ ಉತ್ತರ ಕೇರಳದ ಕಣ್ಣೂರು–ತಲಶ್ಶೇರಿ ಪ್ರದೇಶದ್ದು. ತಂದೆ ಸುನನ್ನ ಬಾಪ್ಪು ಅವರು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗದಲ್ಲಿದ್ದರು. ತಂದೆತಾಯಿಯರಿಗೆ ಒಬ್ಬನೇ ಮಗನಾಗಿದ್ದ ಬಾಪ್ಪು ಅವರ ಬಾಲ್ಯ ಹೈದರಾಬಾದಿನಲ್ಲಿ, ವೀಕ್ಷಣಾಲಯದ ಒಡನಾಟದಲ್ಲಿಯೇ ಕಳೆಯಿತು. ಅಲ್ಲಿ 15 ಅಂಗುಲ ವ್ಯಾಸದ ಮಸೂರವುಳ್ಳ ಗ್ರಬ್ ದೂರದರ್ಶಕವಿತ್ತು. ಆಕಾಶವನ್ನು ಕ್ರಮಬದ್ಧವಾಗಿ ನೋಡುವ, ನೋಡಿದ್ದನ್ನು ಬರೆದಿಡುವ ಅಭ್ಯಾಸ ಅವರಿಗೆ ಎಳೆವಯಸ್ಸಿನಲ್ಲೇ ಬಂದಿತು.

ವಿದ್ಯಾರ್ಥಿಯಾಗಿದ್ದಾಗಲೇ ಅವರು ಚರಕಾಂತಿ ತಾರೆಗಳನ್ನು, ಅಂದರೆ ಪ್ರಕಾಶ ಏರಿಳಿಯುವ ತಾರೆಗಳನ್ನು ವೀಕ್ಷಿಸಿ ಲೇಖನಗಳನ್ನು ಪ್ರಕಟಿಸಿದರು. ಮದರಾಸು ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಹಾರ್ಲೊ ಶ್ಯಾಪ್ಲಿ ಅವರು ಭಾರತಕ್ಕೆ ಬಂದಾಗ ಅವರನ್ನು ಭೇಟಿಯಾದದ್ದು ಬಾಪ್ಪು ಅವರ ಬದುಕಿಗೆ ತಿರುವು ನೀಡಿತು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ದೊರೆತು, 1949ರ ಆರಂಭದಲ್ಲಿ ಅವರು ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು.

ಹಾರ್ವರ್ಡ್ ಮತ್ತು ಧೂಮಕೇತು

ಹಾರ್ವರ್ಡ್ ಸೇರಿದ ಕೆಲವೇ ತಿಂಗಳಲ್ಲಿ, 1949ರ ಜುಲೈ 2ರಂದು, ಬಾಪ್ಪು ಅವರು ತೆಗೆದ ಛಾಯಾಚಿತ್ರ ಫಲಕವೊಂದರಲ್ಲಿ ಅದುವರೆಗೆ ತಿಳಿದಿರದ ಧೂಮಕೇತುವೊಂದು ಕಂಡುಬಂದಿತು. ಅವರ ಜೊತೆಗಿದ್ದ ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗೋರ್ಡನ್ ನ್ಯೂಕರ್ಕ್ ಅವರ ಹೆಸರುಗಳೂ ಸೇರಿ ಅದು ಬಾಪ್ಪು–ಬಾಕ್–ನ್ಯೂಕರ್ಕ್ ಧೂಮಕೇತು ಎಂದು ಹೆಸರಾಯಿತು. ಅದರ ಕಕ್ಷೆಯನ್ನೂ ಬಾಪ್ಪು ಅವರು ಲೆಕ್ಕ ಹಾಕಿದರು. ಅದು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 60,000 ವರ್ಷಗಳು ಬೇಕು. ಈ ಶೋಧಕ್ಕಾಗಿ ಪೆಸಿಫಿಕ್ ಖಗೋಳ ಸಂಘವು ಅವರಿಗೆ ಡೊನೋಹೊ ಧೂಮಕೇತು ಪದಕವನ್ನು ನೀಡಿತು. ಭಾರತೀಯನೊಬ್ಬನ ಹೆಸರನ್ನು ಹೊತ್ತ ಧೂಮಕೇತುಗಳು ವಿರಳ.

1952ರಲ್ಲಿ ಡಾಕ್ಟರೇಟ್ ಪಡೆದ ಅವರು ಕಾರ್ನೆಗೀ ಫೆಲೋ ಆಗಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಿಗೆ ಹೋದರು. ಆ ಕಾಲದಲ್ಲಿ ಜಗತ್ತಿನ ಅತಿ ದೊಡ್ಡ ದೂರದರ್ಶಕಗಳು ಇದ್ದದ್ದು ಅಲ್ಲಿಯೇ. ಮೌಂಟ್ ವಿಲ್ಸನ್‌ನಲ್ಲಿ 100 ಅಂಗುಲದ, ಪಾಲೊಮಾರ್‌ನಲ್ಲಿ 200 ಅಂಗುಲದ ಕನ್ನಡಿಯುಳ್ಳ ದೂರದರ್ಶಕಗಳಿದ್ದವು. ಅಲ್ಲಿ ಓಲಿನ್ ವಿಲ್ಸನ್ ಅವರೊಡನೆ ನಡೆಸಿದ ಕೆಲಸವೇ ಬಾಪ್ಪು ಅವರ ಅತ್ಯಂತ ಪ್ರಸಿದ್ಧ ಸಂಶೋಧನೆಗೆ ಕಾರಣವಾಯಿತು.

ವಿಲ್ಸನ್–ಬಾಪ್ಪು ಪರಿಣಾಮ

ಹಿನ್ನೆಲೆ

ರೋಹಿಣಿ ಮತ್ತು ಸ್ವಾತಿ ಕನ್ನಡಿಗರಿಗೆ ಮಳೆ ನಕ್ಷತ್ರಗಳ ಹೆಸರುಗಳಾಗಿ ಪರಿಚಿತ. ಸೂರ್ಯನು ಆಯಾ ನಕ್ಷತ್ರದಲ್ಲಿ ಇರುವ ದಿನಗಳಲ್ಲಿ ಬೀಳುವ ಮಳೆಗೆ ರೈತರು ಆ ಹೆಸರಿಡುತ್ತಾರೆ. ಈ ಎರಡೂ ತಾರೆಗಳು ಬರಿಗಣ್ಣಿಗೆ ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ. ಬೆಂಗಳೂರಿನ ಅಕ್ಷಾಂಶದಲ್ಲಿ ಇವು ನಡುನೆತ್ತಿಯ ಸಮೀಪದಲ್ಲಿ ಹಾದುಹೋಗುವುದರಿಂದ, ನಗರದ ಉತ್ತರ ಅಂಚಿನ ಮಾಕಳಿಯಂಥ ಊರುಗಳಿಂದ ಬೀದಿದೀಪಗಳ ಬೆಳಕಿನ ನಡುವೆಯೂ ಇವುಗಳನ್ನು ಗುರುತಿಸಬಹುದು. ರೋಹಿಣಿ ಸುಮಾರು 65 ಜ್ಯೋತಿರ್ವರ್ಷ, ಸ್ವಾತಿ ಸುಮಾರು 37 ಜ್ಯೋತಿರ್ವರ್ಷ ದೂರದಲ್ಲಿವೆ.

ಇವೆರಡೂ ವಿಕಾಸ ಹೊಂದಿದ ದೈತ್ಯ ತಾರೆಗಳು. ಸೂರ್ಯನಂಥ ತಾರೆಯ ಗರ್ಭದಲ್ಲಿ ಹೈಡ್ರೋಜನ್ ಇಂಧನ ಮುಗಿದಾಗ ಗರ್ಭವು ಕುಗ್ಗುತ್ತದೆ, ಹೊರಪದರಗಳು ಹಿಗ್ಗುತ್ತವೆ. ಹಿಗ್ಗಿದ ಮೇಲ್ಮೈ ತಣಿದು, ಅದರ ಬಣ್ಣ ಹಳದಿಯಿಂದ ಕಿತ್ತಳೆಗೆ, ಕೆಂಪಿಗೆ ತಿರುಗುತ್ತದೆ. ಸ್ವಾತಿಯ ಮೇಲ್ಮೈ ಉಷ್ಣತೆ ಸುಮಾರು 4,300 ಕೆಲ್ವಿನ್. ಅದರ ವ್ಯಾಸ ಸೂರ್ಯನ ವ್ಯಾಸದ ಸುಮಾರು 25 ಪಟ್ಟು. ರೋಹಿಣಿ ಇನ್ನೂ ದೊಡ್ಡದು, ಸೂರ್ಯನ 40 ಪಟ್ಟಿಗೂ ಹೆಚ್ಚು.

ಆದರೆ ಕಿತ್ತಳೆ ಬಣ್ಣವೊಂದರಿಂದಲೇ ತಾರೆ ದೈತ್ಯವೆಂದು ಹೇಳಲಾಗದು. ಸೂರ್ಯನಿಗಿಂತ ಚಿಕ್ಕದಾದ, ಇನ್ನೂ ವಿಕಾಸ ಹೊಂದದ ಕುಬ್ಜ ತಾರೆಗಳೂ ಅದೇ ಬಣ್ಣವನ್ನು ಹೊಂದಿರುತ್ತವೆ. ಹತ್ತಿರದ ಕುಬ್ಜ ತಾರೆ ಮತ್ತು ಬಹು ದೂರದ ದೈತ್ಯ ತಾರೆ ಆಕಾಶದಲ್ಲಿ ಒಂದೇ ಬಣ್ಣದಲ್ಲಿ, ಒಂದೇ ಕಾಂತಿಯಲ್ಲಿ ಕಾಣಬಹುದು. ದೂರವನ್ನು ಲಂಬನದಿಂದ, ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ತಾರೆಯ ಸ್ಥಾನದಲ್ಲಿ ತೋರುವ ಅತಿ ಸಣ್ಣ ಪಲ್ಲಟದಿಂದ ಅಳೆಯಬಹುದಾದರೂ, 1950ರ ದಶಕದ ಉಪಕರಣಗಳಿಂದ ಸಮೀಪದ ತಾರೆಗಳಿಗಷ್ಟೇ ಇದು ಸಾಧ್ಯವಿತ್ತು.

ಸಂಶೋಧನೆ

ತಾರೆಯ ಬೆಳಕನ್ನು ರೋಹಿತವಾಗಿ ಬಿಡಿಸಿದಾಗ, ನೇರಳೆ ತುದಿಯಲ್ಲಿ ಅಯಾನೀಕೃತ ಕ್ಯಾಲ್ಸಿಯಂನ ಎರಡು ದಟ್ಟ ಕಪ್ಪು ರೇಖೆಗಳು ಕಾಣುತ್ತವೆ. ಇವುಗಳನ್ನು ಎಚ್ ಮತ್ತು ಕೆ ರೇಖೆಗಳೆನ್ನುತ್ತಾರೆ. ಕೆ ರೇಖೆಯ ತರಂಗಾಂತರ 393.4 ನಾನೋಮೀಟರ್. ತಣ್ಣನೆಯ ತಾರೆಗಳಲ್ಲಿ ಈ ಕಪ್ಪು ರೇಖೆಯ ನಟ್ಟನಡುವೆ ಕಿರಿದಾದ ಹೊಳೆಯುವ ಗೆರೆಯೊಂದು ಇರುತ್ತದೆ. ಇದು ತಾರೆಯ ಕಾಣುವ ಮೇಲ್ಮೈಗಿಂತ ಮೇಲಿರುವ ವರ್ಣಗೋಲ ಎಂಬ ಪದರದಿಂದ ಹೊಮ್ಮುತ್ತದೆ.

ವಿಲ್ಸನ್ ಮತ್ತು ಬಾಪ್ಪು ಅವರು ಜಿ, ಕೆ ಹಾಗೂ ಎಂ ವರ್ಗಗಳ 185 ತಾರೆಗಳ ರೋಹಿತಗಳನ್ನು ಪರಿಶೀಲಿಸಿ, ಈ ಹೊಳೆಯುವ ಗೆರೆಯ ಅಗಲವನ್ನು ಅಳೆದರು. ತಾರೆಯ ನಿಜವಾದ ಪ್ರಕಾಶ ಹೆಚ್ಚಿದಷ್ಟೂ ಗೆರೆ ಅಗಲವಾಗಿತ್ತು. ಗೆರೆ ಎಷ್ಟು ಹೊಳೆಯುತ್ತದೆ ಎಂಬುದಕ್ಕೂ ಈ ಅಗಲಕ್ಕೂ ಸಂಬಂಧವಿರಲಿಲ್ಲ. ಸುಮಾರು 15 ಕಾಂತಿಮಾನಗಳ ವ್ಯಾಪ್ತಿಯಲ್ಲಿ, ಅಂದರೆ ಅತಿ ಮಂದ ತಾರೆಗಿಂತ ಅತಿ ಪ್ರಖರ ತಾರೆ 10 ಲಕ್ಷ ಪಟ್ಟು ಪ್ರಕಾಶವುಳ್ಳದ್ದಾಗಿದ್ದರೂ, ಒಂದೇ ನಿಯಮ ಅನ್ವಯಿಸಿತು. ಬಾಪ್ಪು ಅವರು ಭಾರತಕ್ಕೆ ಮರಳಿದ ನಂತರ, 1957ರಲ್ಲಿ ಅಸ್ಟ್ರೋಫಿಸಿಕಲ್ ಜರ್ನಲ್ ಪತ್ರಿಕೆಯಲ್ಲಿ ಈ ಪ್ರಬಂಧ ಪ್ರಕಟವಾಯಿತು.

ಮಹತ್ವ ಮತ್ತು ಮಿತಿ

ಗೆರೆಯ ಅಗಲದಿಂದ ತಾರೆಯ ನಿಜಪ್ರಕಾಶ ತಿಳಿಯುತ್ತದೆ. ಅದನ್ನು ಆಕಾಶದಲ್ಲಿ ಕಾಣುವ ಕಾಂತಿಯೊಡನೆ ಹೋಲಿಸಿದರೆ ದೂರ ತಿಳಿಯುತ್ತದೆ. ಈ ಅಳತೆಗೋಲನ್ನು ನಿಗದಿಪಡಿಸಲು ಮುಂದೆ ಸೂರ್ಯ ಮತ್ತು ಹಯಾಡೀಸ್ ಗುಚ್ಛದ ದೈತ್ಯ ತಾರೆಗಳನ್ನು ಬಳಸಲಾಯಿತು. ವೃಷಭ ರಾಶಿಯಲ್ಲಿ ರೋಹಿಣಿಯ ಪಕ್ಕದಲ್ಲೇ ಬರಿಗಣ್ಣಿಗೆ ಕಾಣುವ ಈ ಗುಚ್ಛವು ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿದೆ. ರೋಹಿಣಿ ಅದರ ಸದಸ್ಯ ತಾರೆಯಲ್ಲ, ಅದರ ಮುಂದೆ ನಮಗೆ ಹತ್ತಿರದಲ್ಲಿರುವ ಬೇರೆ ತಾರೆ.

ತಾರೆಯ ಪ್ರಕಾಶವು ಗೆರೆಯ ಅಗಲದ ಆರನೆಯ ಘಾತಕ್ಕೆ ಸರಿಸುಮಾರು ಅನುಗುಣವಾಗಿದೆ. ಅಗಲ ಎರಡು ಪಟ್ಟಾದರೆ ಪ್ರಕಾಶ ಸುಮಾರು 64 ಪಟ್ಟಾಗುತ್ತದೆ. ಆದ್ದರಿಂದ ಅಗಲದ ಅಳತೆಯಲ್ಲಿ ಶೇಕಡಾ 10ರಷ್ಟು ತಪ್ಪಾದರೂ ದೂರದಲ್ಲಿ ಶೇಕಡಾ 30ಕ್ಕೂ ಹೆಚ್ಚು ತಪ್ಪುಂಟಾಗುತ್ತದೆ. ಬೆಳಕನ್ನು ಬಹಳ ಸೂಕ್ಷ್ಮವಾಗಿ ಬಿಡಿಸಿದ ರೋಹಿತಗಳಿದ್ದರೆ ಮಾತ್ರ ಈ ವಿಧಾನ ಪ್ರಯೋಜನಕ್ಕೆ ಬರುತ್ತದೆ. ಬೆಳಕನ್ನು ಹೆಚ್ಚು ಬಿಡಿಸಿದಷ್ಟೂ ಅದು ಕ್ಷೀಣಿಸುವುದರಿಂದ, ಅಂಥ ರೋಹಿತಗಳಿಗೆ ದೊಡ್ಡ ಕನ್ನಡಿಯ ದೂರದರ್ಶಕಗಳು ಬೇಕು. ಆಗ ಭಾರತದಲ್ಲಿ ಅಂಥವು ಒಂದೂ ಇರಲಿಲ್ಲ.

ಹಿಗ್ಗಿದ ತಾರೆಗಳ ಮೇಲ್ಮೈಯಲ್ಲಿ ಗುರುತ್ವಾಕರ್ಷಣೆ ಕಡಿಮೆ ಇರುವುದಕ್ಕೂ ಅವುಗಳ ವರ್ಣಗೋಲದ ರಚನೆಗೂ ಇರುವ ಸಂಬಂಧದಿಂದ ಈ ಪರಿಣಾಮವನ್ನು ವಿವರಿಸಲಾಗುತ್ತದೆ. ಯೂರೋಪಿನ ಹಿಪಾರ್ಕಸ್ ಉಪಗ್ರಹವು ಸಾವಿರಾರು ತಾರೆಗಳ ಲಂಬನವನ್ನು ನಿಖರವಾಗಿ ಅಳೆದ ಮೇಲೆ ವಿಲ್ಸನ್–ಬಾಪ್ಪು ಸಂಬಂಧವನ್ನು ಮತ್ತೆ ಪರೀಕ್ಷಿಸಿ ತಿದ್ದಲಾಯಿತು. ದೂರಮಾಪನಕ್ಕೆ ಇಂದು ಉಪಗ್ರಹಗಳೇ ಮುಖ್ಯ ಆಧಾರವಾಗಿದ್ದರೂ, ತಾರೆಗಳ ವರ್ಣಗೋಲದ ಅಧ್ಯಯನದಲ್ಲಿ ಈ ಪರಿಣಾಮ ಈಗಲೂ ಉಪಯುಕ್ತವಾಗಿದೆ.

ಭಾರತಕ್ಕೆ ಮರಳಿಕೆ ಮತ್ತು ನೈನಿತಾಲ್

ಬಾಪ್ಪು ಅವರು 1953ರಲ್ಲಿ ಭಾರತಕ್ಕೆ ಮರಳಿದರು. ಉತ್ತರ ಪ್ರದೇಶ ಸರ್ಕಾರವು 1954ರಲ್ಲಿ ವಾರಾಣಸಿಯಲ್ಲಿ ರಾಜ್ಯ ವೀಕ್ಷಣಾಲಯವೊಂದನ್ನು ಆರಂಭಿಸಿತ್ತು. ಅದೇ ವರ್ಷ ಬಾಪ್ಪು ಅವರು ಅದರ ಹೊಣೆಯನ್ನು ವಹಿಸಿಕೊಂಡರು. ಗಂಗಾ ಬಯಲಿನ ಧೂಳು ಮತ್ತು ಮಂಜಿನಲ್ಲಿ ಖಗೋಳ ವೀಕ್ಷಣೆ ಕಷ್ಟವಾದ್ದರಿಂದ 1955ರಲ್ಲಿ ವೀಕ್ಷಣಾಲಯವನ್ನು ಹಿಮಾಲಯದ ತಪ್ಪಲಿನ ನೈನಿತಾಲಿಗೆ ಸ್ಥಳಾಂತರಿಸಲಾಯಿತು. ಇದು ಮುಂದೆ ಸಮೀಪದ ಮನೋರಾ ಶಿಖರದಲ್ಲಿ ನೆಲೆಗೊಂಡು, ಇಂದು ಆರ್ಯಭಟ ವೀಕ್ಷಣ ವಿಜ್ಞಾನ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದೆ.

ಕೊಡೈಕೆನಾಲ್

1960ರಲ್ಲಿ, ತಮ್ಮ 33ನೆಯ ವಯಸ್ಸಿನ ಹೊತ್ತಿಗೆ, ಬಾಪ್ಪು ಅವರು ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಆಗ ಭಾರತೀಯ ಹವಾಮಾನ ಇಲಾಖೆಯ ಅಧೀನದಲ್ಲಿದ್ದು, ಸೂರ್ಯನ ಅಧ್ಯಯನಕ್ಕೆ ಹೆಸರಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೂ ಅಲ್ಲಿ ಕ್ಯಾಲ್ಸಿಯಂ ಕೆ ರೇಖೆಯ ಬೆಳಕಿನಲ್ಲಿ ಸೂರ್ಯನ ಚಿತ್ರಗಳನ್ನು ತೆಗೆಯಲಾಗುತ್ತಿತ್ತು. ದೂರದ ತಾರೆಗಳಲ್ಲಿ ಬಾಪ್ಪು ಅವರು ಅಧ್ಯಯನ ಮಾಡಿದ ರೇಖೆಯೂ ಅದೇ ಆಗಿತ್ತು.

ಸೂರ್ಯ ನಮಗೆ ಅತಿ ಹತ್ತಿರದ ತಾರೆಯಾದ್ದರಿಂದ ಅದರ ವರ್ಣಗೋಲವನ್ನು ಭಾಗಭಾಗವಾಗಿ ನೋಡಲು ಸಾಧ್ಯ. ಬಾಪ್ಪು ಅವರು ಕೆ. ಆರ್. ಶಿವರಾಮನ್ ಅವರೊಡನೆ 1971ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸೌರ ವರ್ಣಗೋಲದ ಸಣ್ಣ ಪ್ರಕಾಶಮಾನ ಚುಕ್ಕೆಗಳಿಗೂ ಕೆ ರೇಖೆಯ ಅಗಲಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಿದರು. ತಾರೆಗಳಲ್ಲಿ ಕಂಡ ನಿಯಮದ ಮೂಲವನ್ನು ಸೂರ್ಯನಲ್ಲಿ ಹುಡುಕುವ ಪ್ರಯತ್ನ ಇದಾಗಿತ್ತು.

ಸಂಪೂರ್ಣ ಸೂರ್ಯಗ್ರಹಣಗಳ ಅಧ್ಯಯನದಲ್ಲಿಯೂ ಅವರು ಆಸಕ್ತರಾಗಿದ್ದರು. 1970ರ ಮಾರ್ಚ್ 7ರ ಗ್ರಹಣವನ್ನು ವೀಕ್ಷಿಸಲು ಮೆಕ್ಸಿಕೋಗೆ ತೆರಳಿದ ತಂಡದಲ್ಲಿ ಅವರಿದ್ದರು. 1980ರ ಫೆಬ್ರವರಿ 16ರ ಗ್ರಹಣದ ಪೂರ್ಣ ನೆರಳು ಕಾರವಾರದಿಂದ ರಾಯಚೂರಿನವರೆಗೆ ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ಆ ಗ್ರಹಣದಲ್ಲಿ ದೊರೆತ ಸೌರ ಕಿರೀಟದ ಕೆಂಪು ರೋಹಿತ ರೇಖೆಯ ಬಗ್ಗೆ ಜಗದೇವ್ ಸಿಂಗ್ ಮತ್ತು ಎ. ಕೆ. ಸಕ್ಸೇನಾ ಅವರೊಡನೆ ಬಾಪ್ಪು ಅವರು ಬರೆದ ಪ್ರಬಂಧ 1982ರಲ್ಲಿ ಪ್ರಕಟವಾಯಿತು.

ಕಾವಲೂರು ವೀಕ್ಷಣಾಲಯ

ಕೊಡೈಕೆನಾಲಿನ ಆಕಾಶ ಹಗಲಿನಲ್ಲಿ ಸೂರ್ಯನ ವೀಕ್ಷಣೆಗೆ ಅನುಕೂಲಕರವಾಗಿದ್ದರೂ ರಾತ್ರಿಯಲ್ಲಿ ಮೋಡ ಕವಿಯುವುದು ಹೆಚ್ಚು. ತಾರೆಗಳ ವೀಕ್ಷಣೆಗೆ ತಕ್ಕ ಸ್ಥಳವನ್ನು ಬಾಪ್ಪು ಅವರು ದಕ್ಷಿಣ ಭಾರತದಲ್ಲಿ ಹುಡುಕಿದರು. ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 725 ಮೀಟರ್ ಎತ್ತರದಲ್ಲಿರುವ ಕಾವಲೂರು ಆಯ್ಕೆಯಾಯಿತು. ಸುತ್ತಲೂ ಕಾಡಿದ್ದು, ನಗರಗಳ ಬೆಳಕು ಅಲ್ಲಿಗೆ ತಲುಪುತ್ತಿರಲಿಲ್ಲ. ಸಮಭಾಜಕಕ್ಕೆ ಹತ್ತಿರವಿರುವುದರಿಂದ ಉತ್ತರದ ಆಕಾಶದ ಜೊತೆಗೆ ದಕ್ಷಿಣದ ಆಕಾಶದ ಬಹುಭಾಗವೂ ಅಲ್ಲಿಂದ ಕಾಣುತ್ತದೆ.

1968ರಲ್ಲಿ ಅಲ್ಲಿ 38 ಸೆಂಟಿಮೀಟರ್ ವ್ಯಾಸದ ದೂರದರ್ಶಕ ಕೆಲಸ ಆರಂಭಿಸಿತು. ಅದನ್ನು ಸಂಸ್ಥೆಯವರೇ ನಿರ್ಮಿಸಿದ್ದರು. 1972ರಲ್ಲಿ ಜರ್ಮನಿಯ ಕಾರ್ಲ್ ಜೈಸ್ ಯೇನಾ ಕಂಪನಿಯ 1 ಮೀಟರ್ ದೂರದರ್ಶಕವನ್ನು ಸ್ಥಾಪಿಸಲಾಯಿತು. ಅದೇ ವರ್ಷದ ಜೂನ್ 7ರಂದು ಗುರುಗ್ರಹದ ಉಪಗ್ರಹ ಗ್ಯಾನಿಮೀಡ್ ತಾರೆಯೊಂದನ್ನು ಮರೆಮಾಡಿತು. ಕಾವಲೂರು ಮತ್ತು ಇಂಡೋನೇಷ್ಯಾದಲ್ಲಿ ನಡೆದ ಈ ವೀಕ್ಷಣೆಯಿಂದ ಗ್ಯಾನಿಮೀಡ್‌ಗೆ ವಾತಾವರಣವಿರುವ ಸುಳಿವು ದೊರೆಯಿತು. ಆ ವಾತಾವರಣ ಆಗ ಅಂದಾಜಿಸಿದ್ದಕ್ಕಿಂತ ಬಹಳ ತೆಳುವಾದುದೆಂದು 1979ರಲ್ಲಿ ವಾಯೇಜರ್ ನೌಕೆಯ ಅಳತೆಗಳು ತೋರಿಸಿದವು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ತಾರೆಯೊಂದರ ಸಮೀಪ ಹಾದುಹೋದಾಗ, ಆ ಗ್ರಹದ ಉಂಗುರಗಳ ಪತ್ತೆಗೆ ಕಾರಣವಾದ ವೀಕ್ಷಣೆಗಳನ್ನು ನಡೆಸಿದ ಸ್ಥಳಗಳಲ್ಲಿ ಕಾವಲೂರೂ ಒಂದಾಗಿತ್ತು. ಅಲ್ಲಿ ಆ ವೀಕ್ಷಣೆ ನಡೆಸಿದವರು ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ.

ಬೆಂಗಳೂರಿನ ಸಂಸ್ಥೆ

1971ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯವು ಹವಾಮಾನ ಇಲಾಖೆಯಿಂದ ಬೇರ್ಪಟ್ಟು, ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಬಾಪ್ಪು ಅವರು ಅದರ ಮೊದಲ ನಿರ್ದೇಶಕರಾದರು. 1970ರ ದಶಕದಲ್ಲಿ ಸಂಸ್ಥೆಯ ಕೇಂದ್ರಸ್ಥಾನ ಬೆಂಗಳೂರಿಗೆ ಬಂದು ಕೋರಮಂಗಲದಲ್ಲಿ ನೆಲೆಸಿತು. ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ ಮತ್ತು ಬಾಹ್ಯಾಕಾಶ ಸಂಶೋಧನಾ ಕೇಂದ್ರಗಳಿದ್ದ ಬೆಂಗಳೂರು ಈ ಮೂಲಕ ಖಗೋಳ ಸಂಶೋಧನೆಯ ಪ್ರಮುಖ ನೆಲೆಯೂ ಆಯಿತು.

ಕಾವಲೂರಿನಲ್ಲಿ ದೊಡ್ಡ ದೂರದರ್ಶಕವೊಂದನ್ನು ಸ್ಥಾಪಿಸುವುದು ಬಾಪ್ಪು ಅವರ ಬಹುಕಾಲದ ಯೋಜನೆಯಾಗಿತ್ತು. ಅದನ್ನು ವಿದೇಶದಿಂದ ಸಿದ್ಧವಾಗಿ ತರಿಸುವ ಬದಲು ಭಾರತದಲ್ಲೇ ವಿನ್ಯಾಸಗೊಳಿಸಿ ನಿರ್ಮಿಸುವ ದಾರಿಯನ್ನು ಅವರು ಆರಿಸಿಕೊಂಡರು. ಇದಕ್ಕೆ ಹೆಚ್ಚು ಕಾಲ ಬೇಕಾಗುತ್ತಿತ್ತು. ಆದರೆ ಕನ್ನಡಿ ಉಜ್ಜುವ, ಯಂತ್ರಭಾಗಗಳನ್ನು ರೂಪಿಸುವ, ಅವನ್ನು ನಿಯಂತ್ರಿಸುವ ವಿದ್ಯೆ ದೇಶದಲ್ಲಿ ಉಳಿಯುತ್ತಿತ್ತು. 2.34 ಮೀಟರ್ ವ್ಯಾಸದ ಕನ್ನಡಿಯ ಗಾಜಿನ ಬಿಲ್ಲೆಯನ್ನು ಜರ್ಮನಿಯಿಂದ ತರಿಸಿ, ಬೆಂಗಳೂರಿನ ಸಂಸ್ಥೆಯ ದೃಗ್ವಿಜ್ಞಾನ ಪ್ರಯೋಗಾಲಯದಲ್ಲಿ ಉಜ್ಜಿ ನಯಗೊಳಿಸಲಾಯಿತು. ದೂರದರ್ಶಕದ ಯಂತ್ರಭಾಗಗಳೂ ಭಾರತದಲ್ಲೇ ತಯಾರಾದವು.

ಅಂತರರಾಷ್ಟ್ರೀಯ ಮನ್ನಣೆ

ಬಾಪ್ಪು ಅವರು 1967ರಿಂದ 1973ರವರೆಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಉಪಾಧ್ಯಕ್ಷರಾಗಿದ್ದರು. ಅತ್ಯುಷ್ಣ ತಾರೆಗಳ ಬಗೆಯಾದ ವೋಲ್ಫ್–ರಾಯೆ ತಾರೆಗಳ ಕುರಿತು 1971ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ವಿಚಾರಗೋಷ್ಠಿಯ ಸಂಪುಟವನ್ನು ಅವರು ಜಾರ್ಜ್ ಸಹಾಡೆ ಅವರೊಡನೆ ಸಂಪಾದಿಸಿದರು. 1972ರಲ್ಲಿ ಭಾರತೀಯ ಖಗೋಳ ಸಂಘ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. 1979ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಮಹಾಸಭೆಯಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು.

ನಿಧನ

ಒಕ್ಕೂಟದ ಮುಂದಿನ ಮಹಾಸಭೆ 1982ರ ಆಗಸ್ಟ್‌ನಲ್ಲಿ ಗ್ರೀಸ್ ದೇಶದ ಪಾಟ್ರಾಸ್‌ನಲ್ಲಿ ನಡೆಯಿತು. ಅದರ ಅಧ್ಯಕ್ಷತೆಯನ್ನು ಬಾಪ್ಪು ಅವರು ವಹಿಸಬೇಕಾಗಿತ್ತು. ಆದರೆ ಜರ್ಮನಿಯ ಮ್ಯೂನಿಕ್‌ನಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ ಅವರು ಚೇತರಿಸಿಕೊಳ್ಳದೆ ಆಗಸ್ಟ್ 19ರಂದು ನಿಧನರಾದರು. ಆಗ ಅವರಿಗೆ 55 ವರ್ಷ ವಯಸ್ಸಾಗಿತ್ತು. ಅವರ ದೊಡ್ಡ ದೂರದರ್ಶಕದ ಕೆಲಸ ಆಗಿನ್ನೂ ಪೂರ್ಣಗೊಂಡಿರಲಿಲ್ಲ.

ಪ್ರಶಸ್ತಿ ಮತ್ತು ಗೌರವಗಳು

ಡೊನೋಹೊ ಧೂಮಕೇತು ಪದಕ, 1949
ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, 1970
ಪದ್ಮಭೂಷಣ, 1981
ಬೆಲ್ಜಿಯಂ ವಿಜ್ಞಾನ ಅಕಾಡೆಮಿಯ ಗೌರವ ವಿದೇಶಿ ಫೆಲೋ
ಅಮೆರಿಕನ್ ಖಗೋಳ ಸಂಘದ ಗೌರವ ಸದಸ್ಯತ್ವ

ಸ್ಮರಣೆ ಮತ್ತು ಪರಂಪರೆ

2.34 ಮೀಟರ್ ದೂರದರ್ಶಕವು 1985ರ ನವೆಂಬರ್‌ನಲ್ಲಿ, ಬಾಪ್ಪು ಅವರು ತೀರಿಕೊಂಡ ಮೂರು ವರ್ಷಗಳ ಬಳಿಕ, ಮೊದಲ ಬಾರಿಗೆ ತಾರೆಗಳ ಬೆಳಕನ್ನು ಸೆರೆಹಿಡಿಯಿತು. 1986ರ ಜನವರಿ 6ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿ ಅವರು ಅದಕ್ಕೆ ವೈನು ಬಾಪ್ಪು ದೂರದರ್ಶಕ ಎಂದು, ಕಾವಲೂರಿನ ಕೇಂದ್ರಕ್ಕೆ ವೈನು ಬಾಪ್ಪು ವೀಕ್ಷಣಾಲಯ ಎಂದು ನಾಮಕರಣ ಮಾಡಿದರು. 1988ರಲ್ಲಿ ಇದೇ ವೀಕ್ಷಣಾಲಯದಿಂದ ಆರ್. ರಾಜಮೋಹನ್ ಅವರು ಪತ್ತೆಹಚ್ಚಿದ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿಡಲಾಗಿದೆ. ಬಾಪ್ಪು ಅವರ ಹೆಸರನ್ನೂ 2596 ಸಂಖ್ಯೆಯ ಕ್ಷುದ್ರಗ್ರಹವೊಂದು ಹೊತ್ತಿದೆ. ಭಾರತೀಯ ಖಗೋಳ ಸಂಘವು ಯುವ ಖಗೋಳ ವಿಜ್ಞಾನಿಗಳಿಗೆ ಅವರ ಹೆಸರಿನಲ್ಲಿ ಚಿನ್ನದ ಪದಕವನ್ನು ನೀಡುತ್ತದೆ.

ಬಾಪ್ಪು ಅವರು ಕಟ್ಟಿದ ಸಂಸ್ಥೆಯು ಮುಂದೆ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಸ್ಥಾಪಿಸಿತು. ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿರುವ ಸಂಸ್ಥೆಯ ಕೇಂದ್ರದಿಂದ ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ಹಿಂದೆ ಸೂಕ್ಷ್ಮ ರೋಹಿತಗಳಿಗಾಗಿ ಕ್ಯಾಲಿಫೋರ್ನಿಯಾದ ಬೆಟ್ಟಗಳಿಗೆ ಹೋಗಬೇಕಾಗಿದ್ದ ಭಾರತೀಯ ವಿದ್ಯಾರ್ಥಿಗಳು ಇಂದು ರೋಹಿಣಿ, ಸ್ವಾತಿಗಳಂಥ ದೈತ್ಯ ತಾರೆಗಳ ಬೆಳಕನ್ನು ದೇಶದೊಳಗಿನ ದೂರದರ್ಶಕಗಳಿಂದಲೇ ಪಡೆದು ಅಧ್ಯಯನ ಮಾಡುತ್ತಿದ್ದಾರೆ.